ಜಿಪ್ಸಂ ಕೆರೆ ಅಂಗಳಕ್ಕೆ ಬೀಳುತ್ತದೆ, ಹೊಲಕ್ಕೆ ಬರುವುದಿಲ್ಲ

ಸಂಬಂಧಪಟ್ಟ ಎಲ್ಲರಿಗೂ, ಜೊತೆಗೆ ಇದನ್ನು ಓದುತ್ತಿರುವ ನನ್ನಂಥ ಬೇಸಾಯಗಾರರಿಗೂ,

ಹಾಸನದಿಂದ ಬೇಲೂರಿಗೆ ಹೋಗುವ ರಸ್ತೆಯಲ್ಲಿ ಹಳೇಬೀಡಿನ ದಾರಿ ಕವಲೊಡೆಯುವ ಊರು ನಮ್ಮ ಹಗರೆ. ಶಿಲ್ಪ ನೋಡಲು ಬರುವವರ ಕಾರು, ಬಸ್ಸುಗಳೆಲ್ಲ ನಮ್ಮೂರ ಮೇಲೇ ಹಾದುಹೋಗುತ್ತವೆ. ಕಿಟಕಿಯಿಂದ ಅವರಿಗೆ ಕಾಣುವುದು ಹಸಿರು. ಆ ಹಸಿರಿನ ನಡುವೆ, ತಗ್ಗಿನ ಜಮೀನುಗಳಲ್ಲಿ ಬೆಳ್ಳಗೆ ಹೆಕ್ಕಳೆಗಟ್ಟಿ ಬೆಳೆ ಕುಂತುಹೋದ ಜಾಗಗಳೂ ಇವೆ. ಪ್ರವಾಸಿಗರು ಅದನ್ನು ನೋಡಬೇಕಾಗಿಲ್ಲ. ನೋಡಬೇಕಾದವರೇ ನೋಡದೆ ವರ್ಷಗಳಾದವು ಎಂಬುದಕ್ಕೆ ಈ ಪತ್ರ.

ವಿಷಯ ಜಿಪ್ಸಂದು. ಒಂದು ಕಡೆ ಚೌಳು ಹತ್ತಿದ ನೆಲಕ್ಕೆ ಜಿಪ್ಸಂ ಬೇಕು ಎಂದು ನಾವು ಕೇಳುತ್ತಲೇ ಇದ್ದೇವೆ. ಇನ್ನೊಂದು ಕಡೆ, ಪಟ್ಟಣಗಳಲ್ಲಿ ಕಿತ್ತುಹಾಕಿದ ಫಾಲ್ಸ್ ಸೀಲಿಂಗ್, ಗೋಡೆಯ ಜಿಪ್ಸಂ ಗಾರೆ, ಒಡೆದ ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ತುಂಡುಗಳು ಟ್ರ್ಯಾಕ್ಟರ್‌ಗಟ್ಟಲೆ ಕೆರೆ ಅಂಗಳಕ್ಕೆ, ಹಳ್ಳದ ದಂಡೆಗೆ ಬಂದು ಬೀಳುತ್ತಿವೆ. ಎರಡೂ ಒಂದೇ ವಸ್ತು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಗಾದೆಗೆ ಇದಕ್ಕಿಂತ ಬೇರೆ ಉದಾಹರಣೆ ಬೇಕೆ?

ಚೌಳು ನೆಲ ಎಂದರೇನೆಂದು ಅದನ್ನು ಉತ್ತವರಿಗೆ ವಿವರಿಸಬೇಕಾಗಿಲ್ಲ. ಮಳೆ ಬಂದರೆ ಅಂಟು, ಬಿಸಿಲು ಬಂದರೆ ಕಲ್ಲು. ನೀರು ನಿಂತರೆ ಇಂಗುವುದಿಲ್ಲ. ನೀರು ಆರಿದರೆ ಮೇಲೆ ಹೆಕ್ಕಳೆ ಏಳುತ್ತದೆ, ಮೊಳಕೆ ಅದನ್ನು ಸೀಳಿಕೊಂಡು ಮೇಲೆ ಬರಲಾರದೆ ಒಳಗೇ ಮುರುಟುತ್ತದೆ. ಹಿಂದೆ ಮಡಿವಾಳರು ಬಟ್ಟೆ ಒಗೆಯಲು ಇಂಥ ಮಣ್ಣನ್ನೇ ಕೆರೆದು ಒಯ್ಯುತ್ತಿದ್ದರು. ಬಟ್ಟೆಯ ಕೊಳೆ ಬಿಡಿಸುವಷ್ಟು ಸೋಡ ಇರುವ ಮಣ್ಣಿನಲ್ಲಿ ರಾಗಿ, ಜೋಳ ಬೆಳೆಯಬೇಕೆಂದರೆ ಹೇಗೆ?

ಇದು ರಾತ್ರೋರಾತ್ರಿ ಬಂದ ರೋಗವಲ್ಲ. ಕೆರೆ ಅಚ್ಚುಕಟ್ಟಿನ ಬಸಿಗಾಲುವೆಗಳು ಹೂಳು ತುಂಬಿಕೊಂಡು, ಒತ್ತುವರಿಯಾಗಿ ಮುಚ್ಚಿಹೋದವು. ತಗ್ಗಿನ ಗದ್ದೆಯಲ್ಲಿ ನಿಂತ ನೀರು ಆವಿಯಾಗಿ ಉಪ್ಪು ಉಳಿಯಿತು. ಅರಸೀಕೆರೆ ಕಡೆ ಕೆರೆಗಳು ಒಣಗಿದಂತೆ ಬೋರು ಆಳಕ್ಕೆ ಇಳಿಯಿತು. ಆಳದ ನೀರಿನ ಜೊತೆ ಸೋಡಿಯಂ, ಬೈಕಾರ್ಬೊನೇಟ್, ಫ್ಲೋರೈಡ್ ಮೇಲೆ ಬಂದವು. ಅದೇ ನೀರನ್ನು ವರ್ಷಗಟ್ಟಲೆ ಹಾಯಿಸಿದ ತೋಟದ ಬುಡ ಬಿಗಿದುಕೊಂಡಿತು. ಗಂಗೆ ಬಂದಳೆಂದು ಪೂಜೆ ಮಾಡಿ ಹಾಯಿಸಿದ ನೀರೇ ನೆಲ ಕೆಡಿಸಿತು.

ಕೆಡುವುದು ಹೇಗೆಂದರೆ, ಮಣ್ಣಿನ ಸಣ್ಣ ಕಣಗಳಿಗೆ ಕ್ಯಾಲ್ಸಿಯಂ ಅಂಟಿಕೊಂಡಿದ್ದರೆ ಅವು ಗುಂಪುಗೂಡಿ ಕಾಳುಕಾಳಾಗಿ ನಿಲ್ಲುತ್ತವೆ. ನಡುವೆ ಗಾಳಿ, ನೀರು ಆಡುತ್ತವೆ. ಆ ಜಾಗಕ್ಕೆ ಸೋಡಿಯಂ ಬಂದು ಕೂತರೆ ಕಣಗಳು ಬಿಡಿಬಿಡಿಯಾಗಿ ಚದುರಿ, ರಂಧ್ರಗಳಿಗೆ ಮೆತ್ತಿಕೊಂಡು ನೆಲ ಉಸಿರುಕಟ್ಟುತ್ತದೆ. ಮಣ್ಣಿನ ರಸಸಾರ 8.5 ದಾಟಿದರೆ ಸೋಡಿಯಂ ಸೇರಿದೆ ಎಂದೇ ಸಂಶಯಪಡಬೇಕು.

ಜಿಪ್ಸಂ ಎಂದರೆ ಕ್ಯಾಲ್ಸಿಯಂ ಸಲ್ಫೇಟ್. ಶುದ್ಧ ಜಿಪ್ಸಂ 100 ಕೆ.ಜಿ. ತೆಗೆದುಕೊಂಡರೆ ಅದರಲ್ಲಿ ಸುಮಾರು 23 ಕೆ.ಜಿ. ಕ್ಯಾಲ್ಸಿಯಂ, 18 ಕೆ.ಜಿ.ಗೂ ಮಿಕ್ಕು ಗಂಧಕ ಇರುತ್ತದೆ. ಅದರ ಕ್ಯಾಲ್ಸಿಯಂ ಮಣ್ಣಿನ ಕಣದಿಂದ ಸೋಡಿಯಂ ಅನ್ನು ಎಬ್ಬಿಸಿ ತಾನು ಕೂರುತ್ತದೆ. ಎದ್ದ ಸೋಡಿಯಂ ಸಲ್ಫೇಟ್ ಆಗಿ ನೀರಿನಲ್ಲಿ ಕರಗಿ ಬಸಿದುಹೋಗುತ್ತದೆ. ಮಂಡ್ಯ, ಚಾಮರಾಜನಗರದ ಚೌಳು ಗದ್ದೆಗಳಿಗೂ ತುಂಗಭದ್ರಾ ಅಚ್ಚುಕಟ್ಟಿನ ಸವಳು ನೆಲಕ್ಕೂ ಕೃಷಿ ವಿಜ್ಞಾನಿಗಳು ಹೇಳುತ್ತಾ ಬಂದಿರುವ ಮದ್ದು ಇದೇ.

ನಂಬಿಕೆ ಇಲ್ಲದವರು ಮನೆಯಲ್ಲೇ ನೋಡಬಹುದು. ಎರಡು ಗಾಜಿನ ಲೋಟಕ್ಕೆ ಮಳೆನೀರು ತುಂಬಿ, ಎರಡಕ್ಕೂ ಚೌಳು ನೆಲದ ಒಣ ಹೆಂಟೆಯನ್ನು ಅಡಿಕೆಯಷ್ಟು ಹಾಕಿ. ಹೆಂಟೆ ಕರಗಿ ನೀರು ಬಗ್ಗಡವಾಗುತ್ತದೆ. ಎರಡನ್ನೂ ಕಲಕಿ, ಒಂದು ಲೋಟಕ್ಕೆ ಮಾತ್ರ ಚಿಟಿಕೆ ಜಿಪ್ಸಂ ಪುಡಿ ಉದುರಿಸಿ ಇನ್ನೊಮ್ಮೆ ಕಲಕಿ ಬಿಡಿ. ಜಿಪ್ಸಂ ಬಿದ್ದ ಲೋಟದಲ್ಲಿ ಮಣ್ಣು ತಳ ಸೇರಿ ಮೇಲೆ ನೀರು ತಿಳಿಯಾಗುತ್ತದೆ. ಇನ್ನೊಂದು ಮಾರನೆಯ ದಿನವೂ ಬಗ್ಗಡವಾಗಿಯೇ ಇರುತ್ತದೆ. ಹೊಲದಲ್ಲಿ ಆಗಬೇಕಾದ ಕೆಲಸವೂ ಇಷ್ಟೇ.

ಚೌಳು ಇಲ್ಲದವರಿಗೂ ಇದು ಬೇಕು. ನಮ್ಮ ಕಡೆ ಆಲೂಗಡ್ಡೆ ಮುಖ್ಯ ಬೆಳೆ. ಗೆಡ್ಡೆಗೆ ಕ್ಯಾಲ್ಸಿಯಂ ಬೇಕು, ಆದರೆ ಸುಣ್ಣ ಹೆಚ್ಚಾಗಿ ರಸಸಾರ ಏರಿದರೆ ಗೆಡ್ಡೆಗೆ ಕಜ್ಜಿ ರೋಗ ಹತ್ತುತ್ತದೆ. ಜಿಪ್ಸಂ ಸುಣ್ಣದ ಹಾಗೆ ರಸಸಾರ ಏರಿಸುವುದಿಲ್ಲ. ಕಡಲೆಕಾಯಿಗೆ ಎಕರೆಗೆ 200 ಕೆ.ಜಿ. ಜಿಪ್ಸಂ ಎಂಬ ಶಿಫಾರಸು ಹಳೆಯದು. 2009ರಲ್ಲಿ ರಾಜ್ಯದಲ್ಲಿ ಶುರುವಾದ ಭೂಚೇತನ ಯೋಜನೆಯಲ್ಲಿ ಮಣ್ಣು ಪರೀಕ್ಷೆ ಮಾಡಿದಾಗ ಮಳೆಯಾಶ್ರಿತ ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆ ವ್ಯಾಪಕವಾಗಿ ಕಂಡುಬಂತು. ಕಾರಣವೂ ಗೊತ್ತಿದ್ದದ್ದೇ. ಸೂಪರ್ ಫಾಸ್ಫೇಟ್ ಹಾಕುತ್ತಿದ್ದ ಕಾಲದಲ್ಲಿ ಅದರೊಳಗಿನ ಜಿಪ್ಸಂ ತಾನಾಗಿಯೇ ಹೊಲ ಸೇರುತ್ತಿತ್ತು. ಯೂರಿಯಾ, ಡಿಎಪಿ ಬಂದ ಮೇಲೆ ಆ ಗಂಧಕ ನಿಂತಿತು.

ಹಾಗಾದರೆ ಜಿಪ್ಸಂ ಯಾಕೆ ಸಿಗುವುದಿಲ್ಲ?

ದೇಶದಲ್ಲಿ ಅಗೆದು ತೆಗೆಯುವ ಜಿಪ್ಸಂ ಹೆಚ್ಚುಕಡಿಮೆ ಪೂರ್ತಿ ರಾಜಸ್ಥಾನದ್ದು. ಬಿಕಾನೇರ್, ನಾಗೌರ್ ಕಡೆಯಿಂದ ಇಲ್ಲಿಗೆ ಸುಮಾರು 2000 ಕಿ.ಮೀ. ಅಗ್ಗದ ಪುಡಿಗೆ ದುಬಾರಿ ಬಾಡಿಗೆ. ಜೊತೆಗೆ ಸಿಮೆಂಟ್ ಕಾರ್ಖಾನೆಗಳೂ ಜಿಪ್ಸಂ ಕೊಳ್ಳುತ್ತವೆ. ಸಿಮೆಂಟ್ ಕಲಸಿದ ಕೂಡಲೇ ಗಟ್ಟಿಯಾಗದಿರಲಿ ಎಂದು ನೂರಕ್ಕೆ ಮೂರರಿಂದ ಐದು ಪಾಲು ಅದನ್ನು ಬೆರೆಸಲೇಬೇಕು. ದುಡ್ಡಿರುವ ಕಾರ್ಖಾನೆಯ ಜೊತೆ ಎರಡೆಕರೆ ರೈತ ಪೈಪೋಟಿ ಮಾಡಲಾದೀತೆ?

ಹಾಗಾಗಿ ನಾವು ಸರ್ಕಾರದ ರಿಯಾಯಿತಿ ದರದ ಚೀಲಕ್ಕೆ ಕಾಯುತ್ತೇವೆ. ಅದು ಬರುವುದು ಯಾವಾಗ? ಚೌಳು ತೆಗೆಯುವ ಕ್ರಮ ಗೊತ್ತಿದ್ದವರಿಗೆ ಈ ಪ್ರಶ್ನೆಯ ಬಿಸಿ ತಟ್ಟುತ್ತದೆ. ಮೊದಲು ನೆಲ ಮಟ್ಟ ಮಾಡಿ ಬದು ಕಟ್ಟಬೇಕು. ಜಿಪ್ಸಂ ಹರಡಿ ಮೇಲಿನ ನಾಲ್ಕೈದು ಅಂಗುಲ ಮಣ್ಣಿಗೆ ಬೆರೆಸಬೇಕು. ವಾರ, ಹತ್ತು ದಿನ ನೀರು ನಿಲ್ಲಿಸಿ ಬಸಿಯಬೇಕು. ಆಮೇಲೆ ಹಸಿರೆಲೆ ಗೊಬ್ಬರಕ್ಕೆ ಡಯಂಚ ಬಿತ್ತಿ, ಹೂ ಬರುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಬೇಕು. ಇದೆಲ್ಲ ಮುಗಿದ ಮೇಲೆ ನಾಟಿ. ಅಂದರೆ ಮುಂಗಾರಿಗೆ ಮುಂಚೆಯೇ ಚೀಲ ಕೈಯಲ್ಲಿರಬೇಕು. ಪೈರು ಮೊಣಕಾಲುದ್ದ ಬಂದ ಮೇಲೆ ಸ್ಟಾಕ್ ಇಳಿದರೆ ಅದನ್ನು ಕೊಟ್ಟಿಗೆಯಲ್ಲಿ ಪೇರಿಸಿಡಬೇಕು, ಅಷ್ಟೇ. ಮಳೆಗಾಲದ ತೇವಕ್ಕೆ ಚೀಲದೊಳಗೇ ಹೆಪ್ಪುಗಟ್ಟುತ್ತದೆ.

ಚೀಲ ಹಂಚುವ ಕೌಂಟರಿನ ಮಾತು ನಿಮಗೆಲ್ಲ ಬಾಯಿಪಾಠವಿದ್ದೀತು. "ಸ್ಟಾಕ್ ಬಂದಿಲ್ಲ ಗೌಡ್ರೇ, ಮುಂದಿನ ವಾರ ಬನ್ನಿ." ಮುಂದಿನ ವಾರ ಹೋದರೆ, "ಬಂದಿತ್ತು, ಖಾಲಿಯಾಯ್ತು." ಸಿಕ್ಕರೂ ಒಬ್ಬೊಬ್ಬರಿಗೆ ನಾಲ್ಕಾರು ಚೀಲ. ಚೌಳು ಬಲವಾಗಿದ್ದರೆ ಎಕರೆಗೆ ಎರಡು ಟನ್ ಬೇಕಾಗುವುದುಂಟು. 50 ಕೆ.ಜಿ. ಲೆಕ್ಕದಲ್ಲಿ ಅದು 40 ಚೀಲ. ನಾಲ್ಕು ಚೀಲ ತಂದು ನಾವು ನೆಲಕ್ಕೆ ಹಾಕುವುದೋ, ಕುಂಕುಮದ ಹಾಗೆ ಹಣೆಗೆ ಹಚ್ಚುವುದೋ?

ಆ ನಾಲ್ಕು ಚೀಲಕ್ಕೂ ಪಹಣಿ, ಆಧಾರ್, ರೈತ ನೋಂದಣಿಯ ಫ್ರೂಟ್ಸ್ ನಂಬರ್ ಬೇಕು. ಜಮೀನು ಹೆಸರಿಗಿದ್ದವರು ಹೇಗೋ ಹೊಂದಿಸಿಕೊಳ್ಳುತ್ತಾರೆ. ವಾರಕ್ಕೆ ಮಾಡುವವರು, ಗುತ್ತಿಗೆಗೆ ಮಾಡುವವರು ಏನು ಮಾಡಬೇಕು? ಅಪ್ಪನ ಹೆಸರಿನಲ್ಲೇ ಪಹಣಿ ಉಳಿದು ಪಾಲು ಆಗದ ಅಣ್ಣತಮ್ಮಂದಿರು ಯಾರ ನಂಬರ್ ಕೊಡಬೇಕು? ಗಂಡ ತೀರಿಕೊಂಡು ಖಾತೆ ಬದಲಾಗದ ಹೆಣ್ಣುಮಕ್ಕಳು ಯಾರ ಕೌಂಟರಿಗೆ ಹೋಗಬೇಕು? ಬಿಗಿದ ನೆಲದಲ್ಲಿ ಕುಡುಗೋಲು ನಾಟದೆ ಅಂಗೈ ಬೊಬ್ಬೆ ಬರಿಸಿಕೊಂಡು ಕಳೆ ತೆಗೆಯುವವರು ಇದೇ ಹೆಣ್ಣುಮಕ್ಕಳು. ಯೋಜನೆಯ ಲೆಕ್ಕದಲ್ಲಿ ಇವರು ರೈತರೇ ಅಲ್ಲ.

ಇನ್ನು ಕೆರೆ ಅಂಗಳದ ಕಡೆ ಬನ್ನಿ.

ಈಚಿನ ವರ್ಷಗಳಲ್ಲಿ ಕಟ್ಟುವ ಮನೆ, ಅಂಗಡಿ, ಮದುವೆ ಮಂಟಪ ಯಾವುದನ್ನೇ ನೋಡಿ. ಫಾಲ್ಸ್ ಸೀಲಿಂಗ್ ಇಲ್ಲದೆ ಕೆಲಸ ಮುಗಿಯುವುದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಒಳಗೋಡೆಗೆ ಸಿಮೆಂಟ್ ಬದಲು ಜಿಪ್ಸಂ ಗಾರೆಯೇ ಬಂದಿದೆ. ಕಲಸಿದ ಅರ್ಧ ಗಂಟೆಯೊಳಗೆ ಅದು ಗಟ್ಟಿಯಾಗುತ್ತದೆ. ಗಟ್ಟಿಯಾದದ್ದು ಮತ್ತೆ ಕೆಲಸಕ್ಕೆ ಬಾರದು, ಕೆಳಗೆ ಬೀಳುತ್ತದೆ. ಬೋರ್ಡು ಕೊಯ್ದಾಗ ಉಳಿದ ತುಂಡು, ನಾಲ್ಕು ವರ್ಷಕ್ಕೊಮ್ಮೆ ಅಂಗಡಿಯ ಅಲಂಕಾರ ಬದಲಿಸುವಾಗ ಕಿತ್ತ ತುಂಡು, ಎಲ್ಲವೂ ಕಸ.

ಬಿದ್ದ ತುಂಡೊಂದನ್ನು ಕೈಗೆತ್ತಿಕೊಂಡು ನೋಡಿ. ಎರಡು ಬದಿಗೆ ಬೂದುಬಣ್ಣದ ಕಾಗದ, ನಡುವೆ ಬೆಳ್ಳನೆಯ ತಿರುಳು. ಕಾಗದ ಸುಲಿದು ತಿರುಳನ್ನು ಉಜ್ಜಿದರೆ ಬೆರಳಿಗೆ ಹಿಟ್ಟು ಹತ್ತುತ್ತದೆ. ಆ ಹಿಟ್ಟು ನಾವು ಕೌಂಟರಿನಲ್ಲಿ ಕೇಳಿದ ಅದೇ ಕ್ಯಾಲ್ಸಿಯಂ ಸಲ್ಫೇಟ್. ಪಿಓಪಿ ಕೂಡ ಬೇರೆಯದಲ್ಲ. ಜಿಪ್ಸಂ ಅನ್ನು ಸುಮಾರು 150 ಡಿಗ್ರಿಯಲ್ಲಿ ಕಾಯಿಸಿ ನೀರಿನಂಶ ಕಳೆದರೆ ಪಿಓಪಿ. ಅದಕ್ಕೆ ನೀರು ಬೆರೆಸಿದರೆ ಮತ್ತೆ ಜಿಪ್ಸಂ.

ಹಾಗೆಂದು ಕೆರೆ ಅಂಗಳದ ರಾಶಿಯನ್ನು ನೇರವಾಗಿ ಹೊಲಕ್ಕೆ ಹೊಡೆಯಿರಿ ಎಂದು ನಾನು ಹೇಳುತ್ತಿಲ್ಲ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಆ ರಾಶಿಯಲ್ಲಿ ಪೇಂಟ್ ಇದೆ, ಸ್ಕ್ರೂ ಇದೆ, ಗಾಜಿನ ನಾರು ಇದೆ. ಹಳೆಯ ಕಟ್ಟಡದ್ದಾದರೆ ಸಿಮೆಂಟ್ ಶೀಟಿನ ಕಲ್ನಾರೂ ಬೆರೆತಿರಬಹುದು. ಬಣ್ಣ ಬಳಿದ ಗಣಪತಿಯ ಪಿಓಪಿಯಲ್ಲಿ ಸೀಸದಂಥ ಲೋಹ ಇರಬಹುದು. ರಸಗೊಬ್ಬರ ಕಾರ್ಖಾನೆಗಳಲ್ಲಿ ಉಳಿಯುವ ಫಾಸ್ಫೋಜಿಪ್ಸಂನಲ್ಲಿ ಫ್ಲೋರೈಡ್, ಅಲ್ಪ ಪ್ರಮಾಣದ ವಿಕಿರಣ ಇರುತ್ತವೆ. ಮೊದಲೇ ಫ್ಲೋರೈಡ್ ನೀರು ಕುಡಿದು ಹಲ್ಲು ಕೆಡಿಸಿಕೊಂಡ ಸೀಮೆ ನಮ್ಮದು. ಪರೀಕ್ಷೆ ಇಲ್ಲದ ಪುಡಿ ನಮಗೆ ಬೇಡ.

ನಾವು ಕೇಳುತ್ತಿರುವುದು ಆ ಪರೀಕ್ಷೆಯನ್ನೇ. ಕಟ್ಟಡದ ಜಾಗದಲ್ಲೇ ಜಿಪ್ಸಂ ಕಸ ಬೇರೆ ಇಡಿಸಿ, ಕಾಗದ, ಕಬ್ಬಿಣ ತೆಗೆದು, ಅರೆದು, ಜರಡಿ ಹಿಡಿದು, ಲೋಹ ಎಷ್ಟಿದೆ, ಶುದ್ಧತೆ ಎಷ್ಟಿದೆ ಎಂದು ನೋಡಿ, ಚೀಲದ ಮೇಲೆ ಅಚ್ಚು ಹಾಕಿ ಕೊಡಿ. ಇದರಲ್ಲಿ ರಾಕೆಟ್ ವಿಜ್ಞಾನ ಏನಿದೆ? ಹಿಟ್ಟಿನ ಗಿರಣಿಗಿಂತ ಸ್ವಲ್ಪ ದೊಡ್ಡ ಯಂತ್ರ, ಒಂದು ಶೆಡ್ಡು, ಒಂದು ಪ್ರಯೋಗಾಲಯದ ಸಹಿ.

ಹೊರಗಿನವರು ಇದನ್ನು ಮಾಡಿ ತೋರಿಸಿ ಎಷ್ಟೋ ಕಾಲವಾಯಿತು. ಬ್ರಿಟನ್ನಿನಲ್ಲಿ ಬೋರ್ಡಿನ ಕಸದಿಂದ ತೆಗೆದ ಜಿಪ್ಸಂ ಹೇಗಿರಬೇಕು ಎಂಬ ಮಾನದಂಡ 2008ರಲ್ಲೇ ಬಂತು. ಕೊಳೆಯುವ ಕಸದ ಜೊತೆ ಜಿಪ್ಸಂ ಸುರಿಯುವುದನ್ನೂ ಅಲ್ಲಿ ನಿಲ್ಲಿಸಿದರು. ಅದಕ್ಕೆ ಕಾರಣವಿದೆ. ಗಾಳಿಯಾಡದ ಒದ್ದೆ ಕಸದಲ್ಲಿ ಜಿಪ್ಸಂ ಸೇರಿದರೆ ಸೂಕ್ಷ್ಮಜೀವಿಗಳು ಅದರ ಗಂಧಕದಿಂದ ಹೈಡ್ರೋಜನ್ ಸಲ್ಫೈಡ್ ಅನಿಲ ಹೊರಡಿಸುತ್ತವೆ. ಕೊಳೆತ ಮೊಟ್ಟೆಯ ನಾತ ಅದರದ್ದೇ. ಹೆಚ್ಚಾದರೆ ಜೀವಕ್ಕೂ ಅಪಾಯ. ನಮ್ಮಲ್ಲಿ ತರಕಾರಿ ಸಿಪ್ಪೆ, ಕೋಳಿ ಪುಕ್ಕ, ಫಾಲ್ಸ್ ಸೀಲಿಂಗ್ ಎಲ್ಲವೂ ಒಂದೇ ಗುಂಡಿಗೆ ಬೀಳುತ್ತವೆ. ಪಕ್ಕದಲ್ಲಿ ದನ ನೀರು ಕುಡಿಯುತ್ತದೆ.

ಅಷ್ಟು ದೂರ ಯಾಕೆ, ಪುಣೆಯ ವಿಜ್ಞಾನಿಗಳು ಪಿಓಪಿ ಗಣಪತಿಯನ್ನು ಅಮೋನಿಯಂ ಬೈಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಕರಗಿಸುವ ಕ್ರಮ ತೋರಿಸಿಕೊಟ್ಟರು. ತಳದಲ್ಲಿ ಸುಣ್ಣದ ಪುಡಿ ಉಳಿಯುತ್ತದೆ, ಮೇಲಿನ ನೀರಿನಲ್ಲಿ ಅಮೋನಿಯಂ ಸಲ್ಫೇಟ್ ಸಿಗುತ್ತದೆ. ಅಮೋನಿಯಂ ಸಲ್ಫೇಟ್ ಎಂದರೆ ಗೊಬ್ಬರ. ಕೆರೆಯಲ್ಲಿ ತಿಂಗಳುಗಟ್ಟಲೆ ಕರಗದೆ ಕೈಕಾಲು ಮುರಿದುಕೊಂಡು ಬಿದ್ದಿರುವ ಮೂರ್ತಿಗಳನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಕಥೆ ಇನ್ನೊಂದು. ಹೊಗೆಯಲ್ಲಿನ ಗಂಧಕವನ್ನು ಸುಣ್ಣದಕಲ್ಲಿನ ನೀರಿನಿಂದ ತೊಳೆದರೆ ಉಳಿಯುವುದು ಜಿಪ್ಸಂ. ಅಮೆರಿಕದ ಒಹಾಯೊ, ಇಂಡಿಯಾನಾ ರಾಜ್ಯಗಳ ರೈತರು ಅದನ್ನು ಹೊಲಕ್ಕೆ ಹಾಕುತ್ತಾರೆ. ನಮ್ಮ ದೇಶದಲ್ಲೂ ಹೊಗೆ ತೊಳೆಯಬೇಕೆಂಬ ನಿಯಮ 2015ರ ಡಿಸೆಂಬರಿನಲ್ಲಿ ಬಂತು. ಎರಡು ವರ್ಷದ ಗಡುವು ಕೊಟ್ಟರು. ಗಡುವು ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. 2025ರಲ್ಲಿ ಬಹುಪಾಲು ಸ್ಥಾವರಗಳಿಗೆ ವಿನಾಯಿತಿಯೇ ಸಿಕ್ಕಿತು. ಹೊಗೆಯೂ ಉಳಿಯಿತು, ಜಿಪ್ಸಂ ಕನಸೂ ಮುಗಿಯಿತು.

ಕಟ್ಟಡದ ಕಸಕ್ಕೂ 2016ರಲ್ಲಿ ನಿಯಮ ಬಂತು. ದಿನಕ್ಕೆ 20 ಟನ್‌ಗಿಂತ ಹೆಚ್ಚು ಕಸ ಮಾಡುವವರು ಕಾಂಕ್ರೀಟು, ಮಣ್ಣು, ಕಬ್ಬಿಣ, ಮರ, ಪ್ಲಾಸ್ಟಿಕ್, ಇಟ್ಟಿಗೆ, ಗಾರೆ ಎಂದು ಬೇರ್ಪಡಿಸಬೇಕು ಎಂದು ಬರೆದರು. ಆ ಪಟ್ಟಿಯಲ್ಲಿ ಜಿಪ್ಸಂಗೆ ಬೇರೆ ಸಾಲು ಸಿಗಲಿಲ್ಲ. ಹೆಸರೇ ಇಲ್ಲದ ಮೇಲೆ ಅದನ್ನು ಬೇರೆ ಇಡುವವರು ಯಾರು? ಜಿಪ್ಸಂ ಬೆರೆತರೆ ಕಾಂಕ್ರೀಟಿನ ಜಲ್ಲಿಯೂ ಕೆಡುತ್ತದೆ. ಬೇರೆ ಇಟ್ಟರೆ ಕಟ್ಟುವವರಿಗೂ ಲಾಭ, ಬೆಳೆಯುವವರಿಗೂ ಲಾಭ. ಸಣ್ಣ ಪಟ್ಟಣಗಳ ಕೆಲಸವಂತೂ ಆ 20 ಟನ್ನಿನ ಲೆಕ್ಕಕ್ಕೇ ಬರಲಿಲ್ಲ. ಅದಕ್ಕೆ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ಈ ಸೀಮೆಯವರಿಗೆ ಕಾಯುವುದು ಹೊಸದಲ್ಲ. ರಣಘಟ್ಟದಿಂದ ಯಗಚಿ ನದಿಯ ನೀರನ್ನು ಹಳೇಬೀಡಿನ ದ್ವಾರಸಮುದ್ರ ಕೆರೆಗೆ ತರಬೇಕೆಂದು ಎಷ್ಟು ಕಾಲ ಕೂಗಿದೆವು, ಎಷ್ಟು ಸಲ ರಸ್ತೆಗೆ ಇಳಿದೆವು ಎಂಬುದು ಎಲ್ಲರಿಗೂ ನೆನಪಿದೆ. ಹೊಯ್ಸಳರ ಕಾಲದ ಕೆರೆಗೇ ಅಷ್ಟು ಅಂಗಲಾಚಬೇಕಾಯಿತು ಎಂದ ಮೇಲೆ ಮಣ್ಣಿಗೆ ಹಾಕುವ ಬಿಳಿ ಪುಡಿಯ ಮಾತನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ? ಕೆರೆ ಒಣಗಿದರೆ ಫೋಟೊ ತೆಗೆಯಬಹುದು. ಮಣ್ಣು ಸಾಯುವುದಕ್ಕೆ ಫೋಟೊ ಇಲ್ಲ. ಇಳುವರಿ ವರ್ಷಕ್ಕೆ ಒಂದೆರಡು ಮೂಟೆ ಇಳಿಯುತ್ತಾ ಹೋಗುತ್ತದೆ. ರೈತನೂ ಮಳೆಯನ್ನು ಬೈಯುತ್ತಾನೆ, ಬೀಜವನ್ನು ಬೈಯುತ್ತಾನೆ, ಹಣೆಬರಹವನ್ನು ಬೈಯುತ್ತಾನೆ. ಕೊನೆಗೆ ಆ ಜಾಗ ಬೀಳು ಬಿಡುತ್ತಾನೆ, ಇಲ್ಲವೇ ಲೇಔಟಿನವರಿಗೆ ಮಾರುತ್ತಾನೆ.

ಮೇಲಿನವರನ್ನು ಕೇಳಿದರೆ ಏನಾಗುತ್ತದೆಂದು ಅನುಭವಿಸಿದವರಿಗೇ ಗೊತ್ತು. ಕೃಷಿ ನೋಡಿಕೊಳ್ಳುವವರು, "ಅದು ಕಟ್ಟಡದ ಕಸ, ನಮಗೆ ಬರುವುದಿಲ್ಲ" ಎನ್ನುತ್ತಾರೆ. ಕಸ ನೋಡಿಕೊಳ್ಳುವವರು, "ಹೊಲಕ್ಕೆ ಹಾಕುವುದಾದರೆ ಕೃಷಿಯವರನ್ನು ಕೇಳಿ" ಎನ್ನುತ್ತಾರೆ. ಮಾಲಿನ್ಯ ನೋಡಿಕೊಳ್ಳುವವರು, "ದೂರು ಬಂದರೆ ನೋಡೋಣ" ಎನ್ನುತ್ತಾರೆ. ದೂರು ಕೊಟ್ಟರೆ ಅರ್ಜಿಯ ಮೇಲೆ ನೀಲಿ ಸೀಲು ಬೀಳುತ್ತದೆ. ಆಮೇಲೆ ಒಂದು ಸಾಲಿನ ಹಿಂಬರಹ ಬರುತ್ತದೆ, "ಪರಿಶೀಲನೆಯಲ್ಲಿದೆ". ಬಾರದಿರುವುದೇ ಹೆಚ್ಚು.

ಆಗುವುದಿಲ್ಲ ಎಂದು ಖಡಾಖಂಡಿತ ಹೇಳಿದರೆ ನಾವು ಬೇರೆ ದಾರಿ ಹುಡುಕುತ್ತೇವೆ, ಜಗಳವಾದರೂ ಆಡುತ್ತೇವೆ. ಏನೂ ಹೇಳದಿದ್ದರೆ? ಈ ವರ್ಷ ಬರಬಹುದು, ಮುಂದಿನ ವರ್ಷ ಬರಬಹುದು ಎಂದು ಕಾಯುತ್ತಾ ಕೂರಬೇಕು. ಉತ್ತರ ಕೊಡದೆ ಕೂತವರ ಸಂಬಳಕ್ಕೆ ಕುತ್ತಿಲ್ಲ. ಉತ್ತರಕ್ಕೆ ಕಾದವರ ಒಂದು ಬೆಳೆ ಹೋಗುತ್ತದೆ. ಇದು ಮರ್ಯಾದೆಯ ಪ್ರಶ್ನೆಯೂ ಹೌದು. ಅರ್ಜಿ ಬರೆದವನು ಓದು ಬಲ್ಲವನೋ ಹೆಬ್ಬೆಟ್ಟಿನವನೋ, ಅವನಿಗೆ ಉತ್ತರ ಸಲ್ಲಬೇಕು.

2015ರಿಂದ ಮಣ್ಣು ಆರೋಗ್ಯ ಕಾರ್ಡು ಕೊಡುತ್ತಿದ್ದಾರೆ. ಒಳ್ಳೆಯದೇ. ಆದರೆ ಕಾರ್ಡಿನಲ್ಲಿ ರಸಸಾರ ಹೆಚ್ಚಿದೆ, ಜಿಪ್ಸಂ ಹಾಕಿ ಎಂದು ಅಚ್ಚಾಗಿದ್ದರೆ, ಆ ಜಿಪ್ಸಂ ಎಲ್ಲಿ ಸಿಗುತ್ತದೆ ಎಂದು ಹೇಳುವವರು ಬೇಡವೇ? ಚೀಟಿ ಬರೆದುಕೊಟ್ಟು ಔಷಧಿ ಅಂಗಡಿಗೆ ಬೀಗ ಹಾಕಿದರೆ ರೋಗಿ ಚೀಟಿಯನ್ನೇ ನುಂಗಬೇಕೆ?

ಇನ್ನೊಂದು ಎಡವಟ್ಟೂ ನಡೆಯುತ್ತಿದೆ. ಹಗರೆಯಿಂದ ಬೇಲೂರು ದಾಟಿ ಮಲೆನಾಡಿನ ಕಡೆ ಹೋದಂತೆ ಮಳೆ ಹೆಚ್ಚು, ಮಣ್ಣು ಹುಳಿ. ಅಲ್ಲಿ ಬೇಕಾದದ್ದು ಸುಣ್ಣ. ಹಳೇಬೀಡು ದಾಟಿ ಜಾವಗಲ್, ಅರಸೀಕೆರೆ ಕಡೆ ಹೋದಂತೆ ಮಳೆ ಕಡಿಮೆ. ಅಲ್ಲಿನ ತಗ್ಗು ಜಮೀನಿಗೆ, ಬೋರಿನ ತೋಟಕ್ಕೆ ಬೇಕಾದದ್ದು ಜಿಪ್ಸಂ. ಒಂದೇ ಬಸ್ಸಿನ ದಾರಿಯಲ್ಲಿ ಎರಡು ಬಗೆಯ ನೆಲ. ಮೇಲೆ ಕೂತು ಒಂದೇ ಪಟ್ಟಿ ಮಾಡಿ ಎಲ್ಲರಿಗೂ ಒಂದೇ ಚೀಲ ಹಂಚಿದರೆ ಸುಣ್ಣ ಬೇಕಾದವನಿಗೆ ಜಿಪ್ಸಂ, ಜಿಪ್ಸಂ ಬೇಕಾದವನಿಗೆ ಏನೂ ಇಲ್ಲ ಎಂದಾಗುತ್ತದೆ.

ಈ ಗೊಂದಲದಲ್ಲಿ ಲಾಭ ಮಾಡುವವರು ಹುಟ್ಟಿಕೊಳ್ಳದೆ ಇರುತ್ತಾರೆಯೇ? ಬಿಳಿ ಪುಡಿಗೆ ಬಣ್ಣದ ಚೀಲ ಹಾಕಿ, ದೊಡ್ಡ ಹೆಸರಿಟ್ಟು, ಮೂರು ಪಟ್ಟು ಬೆಲೆಗೆ ಮಾರುವವರು ಊರೂರಿಗೆ ಬರುತ್ತಾರೆ. ಕೊಳ್ಳುವ ಮೊದಲು ಒಂದು ಚಮಚ ಪುಡಿಗೆ ನಿಂಬೆಹಣ್ಣು ಹಿಂಡಿ ನೋಡಿ. ಬುಸುಗುಟ್ಟಿ ನೊರೆ ಬಂದರೆ ಅದರಲ್ಲಿ ಸುಣ್ಣದಕಲ್ಲಿನ ಪುಡಿ ಇದೆ. ಜಿಪ್ಸಂ ನೊರೆ ಕಾರುವುದಿಲ್ಲ. ನೊರೆ ಬಾರದ ಮಾತ್ರಕ್ಕೆ ಅದು ಒಳ್ಳೆಯ ಜಿಪ್ಸಂ ಎಂದೂ ಆಗುವುದಿಲ್ಲ, ಬಿಲ್ಲು ಮತ್ತು ಪರೀಕ್ಷೆಯ ಪತ್ರ ಕೇಳಿ. ನಮ್ಮ ಕಾವಲು ನಾವೇ ಕಾಯಬೇಕಾದ ಸ್ಥಿತಿ ತಂದಿಟ್ಟಿದ್ದಾರೆ, ಕಾಯೋಣ.

ಸಾಗಣೆ ಕಷ್ಟ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆಲೂಗಡ್ಡೆ ಬೀಜ ಪಂಜಾಬಿನ ಜಲಂಧರದಿಂದ ಹಾಸನಕ್ಕೆ ಬರುತ್ತದೆ. ಅಷ್ಟು ದೂರದಿಂದ ಬೀಜ ತರುವ ದಾರಿ ಗೊತ್ತಿರುವ ವ್ಯವಸ್ಥೆಗೆ ಇನ್ನೂರು ಕಿ.ಮೀ. ಆಚೆಯ ಬೆಂಗಳೂರಿನಿಂದ ಜಿಪ್ಸಂ ತರಲು ಆಗುವುದಿಲ್ಲವೇ? ಇಲ್ಲಿಂದ ಶುಂಠಿ, ತರಕಾರಿ ಹೇರಿಕೊಂಡು ಹೋದ ಲಾರಿಗೆ ವಾಪಸ್ ಬರುವಾಗ ಲೋಡ್ ಸಿಕ್ಕರೆ ಡ್ರೈವರ್ ಬೇಡ ಎನ್ನುವುದಿಲ್ಲ. ಬೆಂಗಳೂರೂ ಬೇಡ, ಹಾಸನ, ಚಿಕ್ಕಮಗಳೂರು, ಅರಸೀಕೆರೆಗಳಲ್ಲಿ ಬೀಳುವುದನ್ನು ಒಂದೆಡೆ ಸೇರಿಸಿದರೂ ಆರಂಭಕ್ಕೆ ಸಾಕು.

ಜಿಪ್ಸಂ ಬಂದ ಕೂಡಲೇ ಎಲ್ಲ ಸರಿಹೋಗುತ್ತದೆ ಎಂಬ ಭ್ರಮೆ ನಮಗಿಲ್ಲ. ಬಸಿಗಾಲುವೆ ತೆರೆಯದೆ ಜಿಪ್ಸಂ ಹಾಕಿದರೆ ಎದ್ದ ಉಪ್ಪು ಅಲ್ಲೇ ಉಳಿಯುತ್ತದೆ. ಒಳ್ಳೆಯ ನೀರಿನಿಂದ ತೊಳೆಯದೆ ನೆಲ ತಿಳಿಯಾಗುವುದಿಲ್ಲ. ಹಟ್ಟಿ ಗೊಬ್ಬರ, ಹಸಿರೆಲೆ ಬಿಟ್ಟರೆ ಮತ್ತೆ ಬಿಗಿಯುತ್ತದೆ. ಆ ಕೆಲಸಗಳಿಗೆ ನಮ್ಮ ರಟ್ಟೆ ಇದೆ. ಬದು ಕಟ್ಟುವುದು, ಕಾಲುವೆ ತೋಡುವುದು, ಡಯಂಚ ಬಿತ್ತುವುದು ನಾವು ಮಾಡುತ್ತೇವೆ. ನಮ್ಮ ಕೈಯಲ್ಲಿ ಆಗದ್ದನ್ನು ಮಾತ್ರ ಕೇಳುತ್ತಿದ್ದೇವೆ.

ಕೇಳುತ್ತಿರುವುದು ಇಷ್ಟು.

ಒಂದು, ಕಟ್ಟಡದ ಕಸದಲ್ಲಿ ಜಿಪ್ಸಂ ಅನ್ನು ಬೇರೆ ಇಡಬೇಕೆಂದು ಪ್ರತಿ ಪಟ್ಟಣದಲ್ಲೂ ಕಡ್ಡಾಯ ಮಾಡಿ. ಮನೆ ಕಟ್ಟಲು ಪರವಾನಗಿ ಕೊಡುವಾಗಲೇ ಆ ಷರತ್ತು ಬರೆಯಿರಿ. ಕೆರೆಗೆ ಸುರಿದವರಿಗೆ ದಂಡ ಹಾಕಿ, ಹಾಕಿದ್ದು ಊರಿಗೆ ಕಾಣಲಿ.

ಎರಡು, ಮರುಬಳಕೆಯ ಜಿಪ್ಸಂ ಮಣ್ಣಿಗೆ ಯೋಗ್ಯ ಎನ್ನಲು ಶುದ್ಧತೆ ಎಷ್ಟಿರಬೇಕು, ಯಾವ ಲೋಹ ಎಷ್ಟು ಮೀರಬಾರದು ಎಂದು ಕನ್ನಡದಲ್ಲಿ ಬರೆದು ಪ್ರಕಟಿಸಿ. ಪರೀಕ್ಷೆಯ ಫಲಿತಾಂಶ ಪ್ರತಿ ಚೀಲದ ಮೇಲಿರಲಿ. ಮೊದಲು ಕೆಲವು ಹೊಲಗಳಲ್ಲಿ ನಮ್ಮ ಕಣ್ಣೆದುರೇ ಹಾಕಿ ನೋಡಿ, ಫಲಿತಾಂಶ ಒಳ್ಳೆಯದಿದ್ದರೂ ಕೆಟ್ಟದಿದ್ದರೂ ಹೇಳಿ.

ಮೂರು, ಚೀಲ ಏಪ್ರಿಲ್ ಮುಗಿಯುವುದರೊಳಗೆ ಹೋಬಳಿ ತಲುಪಲಿ. ಯಾರಿಗೆ ಎಷ್ಟು ಎಂಬುದು ಮಣ್ಣು ಪರೀಕ್ಷೆಯಿಂದ ತೀರ್ಮಾನವಾಗಲಿ. ಸುಣ್ಣ ಬೇಕಾದವರಿಗೆ ಸುಣ್ಣ ಕೊಡಿ. ಪಹಣಿ ಇಲ್ಲದೆ ಉಳುವವರಿಗೂ ಸಿಗುವ ದಾರಿ ಮಾಡಿ.

ನಾಲ್ಕು, ಈ ಕೆಲಸ ಯಾರದು ಎಂದು ತೀರ್ಮಾನಿಸಿ, ಒಬ್ಬರ ಹೆಸರು, ಹುದ್ದೆ ಹಾಕಿ ಊರ ಪಂಚಾಯಿತಿಯ ಬೋರ್ಡಿನಲ್ಲಿ ಅಂಟಿಸಿ. ಮೂರು ಬಾಗಿಲು ಸುತ್ತುವ ಕೆಲಸ ನಿಲ್ಲಲಿ.

ಓದುತ್ತಿರುವ ರೈತ ಬಂಧುಗಳಲ್ಲಿ ಒಂದು ಮಾತು. ಒಬ್ಬೊಬ್ಬರೇ ಹೋದರೆ "ಮುಂದಿನ ವಾರ ಬನ್ನಿ" ಎನ್ನುತ್ತಾರೆ. ಈ ಸಲ ನಿಮ್ಮ ಮಣ್ಣು ಪರೀಕ್ಷೆಯ ಕಾರ್ಡು ಹಿಡಿದು ಊರಿಗೆ ಊರೇ ಒಟ್ಟಿಗೆ ಹೋಗಿ. ನಿಮ್ಮೂರ ಕೆರೆ ಅಂಗಳದಲ್ಲಿ ಟ್ರ್ಯಾಕ್ಟರ್ ಬಂದು ಸುರಿದರೆ ನಂಬರ್ ಬರೆದುಕೊಳ್ಳಿ. ಗ್ರಾಮಸಭೆಯಲ್ಲಿ ಈ ನಾಲ್ಕು ಬೇಡಿಕೆಗಳನ್ನು ಓದಿಸಿ, ನಡಾವಳಿ ಪುಸ್ತಕದಲ್ಲಿ ಬರೆಯಿಸಿ, ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಬಾಯಿಮಾತಿನ ಬೇಡಿಕೆ ಮರೆತುಹೋಗುತ್ತದೆ, ನಡಾವಳಿಗೆ 'ಪರಿಶೀಲನೆಯಲ್ಲಿದೆ' ಎಂದು ಸುಮ್ಮನಾಗಲು ಬರುವುದಿಲ್ಲ.

ಅಧಿಕಾರದಲ್ಲಿರುವ ಮಾನ್ಯರೇ, ನಾವು ಹೊಸ ಅಣೆಕಟ್ಟು ಕೇಳುತ್ತಿಲ್ಲ, ಸಾಲ ಮನ್ನಾ ಕೇಳುತ್ತಿಲ್ಲ. ಬೇರೆಯವರು ಬೇಡವೆಂದು ಎಸೆದ ವಸ್ತುವನ್ನು ಶುದ್ಧ ಮಾಡಿ, ಪರೀಕ್ಷೆ ಮಾಡಿ, ಹೊತ್ತಿಗೆ ಸರಿಯಾಗಿ ಕೊಡಿ ಎನ್ನುತ್ತಿದ್ದೇವೆ. ಇದಕ್ಕೂ ನಿಮ್ಮ ಬಳಿ ಉತ್ತರವಿಲ್ಲದಿದ್ದರೆ ಇಲ್ಲ ಎಂದಾದರೂ ಬರೆದು ಕೊಡಿ. ಬರುವ ಮುಂಗಾರಿಗೆ ಮುಂಚೆ ಎರಡರಲ್ಲಿ ಒಂದು ಬರಬೇಕು, ಜಿಪ್ಸಂ ಇಲ್ಲವೇ ನಿಮ್ಮ ಸಹಿ ಇರುವ ಉತ್ತರ. ಎರಡೂ ಬಾರದಿದ್ದರೆ ಈ ಪತ್ರ ಮುಂದಿನ ಸಲ ಒಬ್ಬನ ಹೆಸರಿನಲ್ಲಿ ಬರುವುದಿಲ್ಲ.

ಇಂತಿ,
ಹಗರೆ ಸೀಮೆಯ ಒಬ್ಬ ಬೇಸಾಯಗಾರ